ಹಳ್ಳದ ಪಾಠ ಶಾಲೆಯ ಅಂಗಳದಿಂದ ಶುರುವಾಗಲಿ

ಮಕ್ಕಳಿಗೆ ಹತ್ತಿರದ ಹಳ್ಳದ ಬಗ್ಗೆ ಕಲಿಸಬೇಕು ಅಂದ ತಕ್ಷಣ ಬಹಳಷ್ಟು ಶಿಕ್ಷಕರು ಮಾಡುವ ಮೊದಲ ಕೆಲಸ ಅಂದ್ರೆ ಎಲ್ಲರನ್ನೂ ಸಾಲಾಗಿ ದಂಡೆಗೆ ಕರೆದುಕೊಂಡು ಹೋಗಿ, ಕೈಗೆ ಗ್ಲೌಸ್ ಕೊಟ್ಟು ಪ್ಲಾಸ್ಟಿಕ್ ಹೆಕ್ಕಿಸುವುದು. ಹೆಕ್ಕಿಸಲಿ, ತಪ್ಪಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಹಳ್ಳಕ್ಕೆ ಬರುವ ಕಷ್ಟ ಕಸ ಒಂದೇ ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಇಳಿಜಾರಿನಿಂದ ಕೊಚ್ಚಿ ಬರುವ ಮಣ್ಣು, ಹೆಚ್ಚಾದ ಗೊಬ್ಬರ, ಚರಂಡಿ ನೀರು, ದಂಡೆಯ ಮರ ಕಡಿದ ಮೇಲೆ ನೀರಿಗೆ ಏರುವ ಬಿಸಿ, ಇವು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇವೆಲ್ಲ ಶುರುವಾಗುವುದು ನೆಲದ ಮೇಲೆ. ಅದಕ್ಕೇ ನಾನು ಹೇಳುವುದು, ಮೊದಲ ಪಾಠ ಶಾಲೆಯ ಅಂಗಳದಲ್ಲೇ ಆಗಲಿ.

ಮಳೆ ನಿಂತ ಕೂಡಲೇ ಮಕ್ಕಳನ್ನು ಹೊರಗೆ ಕರೆತನ್ನಿ. ಈ ನೀರು ಎಲ್ಲಿಗೆ ಹೋಗ್ತಿದೆ? ಇದೊಂದೇ ಪ್ರಶ್ನೆ ಸಾಕು. ಛಾವಣಿಯಿಂದ ಇಳಿದ ನೀರು ಅಂಗಳಕ್ಕೆ, ಅಂಗಳದಿಂದ ಗೇಟಿನ ಪಕ್ಕದ ಚರಂಡಿಗೆ, ಅಲ್ಲಿಂದ ರಸ್ತೆಯ ಮೋರಿಗೆ, ಹೀಗೆ ಅದರ ಬೆನ್ನು ಹತ್ತಿ ಎಷ್ಟು ದೂರ ಹೋಗಲು ಆಗುತ್ತದೋ ಅಷ್ಟು ದೂರ ಹೋಗಿ. ಮಳೆ ಇಲ್ಲದಿದ್ದರೆ ಒಂದು ಬಕೆಟ್ ನೀರು ಸುರಿದು ನೋಡಿ, ಅದು ಹರಿದ ದಾರಿಗೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿಸಿ. ದಾರಿಯಲ್ಲಿ ಏನೇನು ಸೇರಿಕೊಳ್ಳುತ್ತದೆ ಅಂತ ಬರೆಸಿ: ಧೂಳು, ವಾಹನದ ಎಣ್ಣೆ, ಸಗಣಿ, ಸೋಪಿನ ನೀರು. ತಮ್ಮ ಶಾಲೆಯ ನೀರೂ ಹಳ್ಳಕ್ಕೇ ಹೋಗುತ್ತದೆ ಅನ್ನೋದನ್ನ ಮಕ್ಕಳು ತಾವಾಗಿ ಕಂಡುಕೊಂಡರೆ, ನೀವು ಹೇಳಬೇಕಾದ ಮಾತು ಅರ್ಧ ಕಮ್ಮಿಯಾಗುತ್ತದೆ.

ಆಮೇಲೆ ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಶಾಲೆಯ ಛಾವಣಿ 200 ಚದರ ಮೀಟರ್ ಇದ್ದು 10 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್. ಛಾವಣಿಯನ್ನು ಮಕ್ಕಳೇ ಕೆಳಗಿನಿಂದ ಗೋಡೆಯ ಉದ್ದ ಅಗಲ ಹಿಡಿದು ಅಳೆಯಲಿ. ಅದೇ ನೀರು ಹುಲ್ಲಿನ ಮೇಲೆ ಬಿದ್ದಿದ್ದರೆ ಒಂದಷ್ಟು ನೆಲಕ್ಕೆ ಇಂಗುತ್ತಿತ್ತು, ಸಿಮೆಂಟಿನ ಮೇಲೆ ಬಿದ್ದದ್ದು ಒಮ್ಮೆಲೇ ಓಡುತ್ತದೆ. ಮಳೆಗಾಲದಲ್ಲಿ ಉಕ್ಕಿ, ಬೇಸಿಗೆ ಬರುವಷ್ಟರಲ್ಲಿ ಒಣಗಿಹೋಗುವ ಹಳ್ಳಗಳ ಹಿಂದೆ ಎಷ್ಟೋ ಸಲ ಇದೂ ಒಂದು ಕಾರಣ. ಬೇಸಿಗೆಯಲ್ಲಿ ಹಳ್ಳ ಹರಿಯುವುದು ನೆಲದೊಳಗೆ ಇಂಗಿದ ನೀರು ನಿಧಾನಕ್ಕೆ ಹೊರಬರುವುದರಿಂದ ಅಲ್ವಾ? ಇಂಗದಿದ್ದರೆ ಎಲ್ಲಿಂದ ಬರಬೇಕು?

ಜಲಾನಯನ ಅನ್ನುವ ಮಾತು ಈ ಹಂತದಲ್ಲಿ ಬಂದರೆ ಸಾಕು. ಒಂದು ಹಾಳೆಯನ್ನು ಚೆನ್ನಾಗಿ ಮುದುಡಿ, ಅರ್ಧಂಬರ್ಧ ಬಿಡಿಸಿ ಮೇಜಿನ ಮೇಲಿಡಿ. ಉಬ್ಬಿದ ಏಣುಗಳ ಮೇಲೆ ನೀರಿಗೆ ಕರಗುವ ನೀಲಿ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಸಿ, ಅಲ್ಲಲ್ಲಿ ಕಂದು ಬಣ್ಣದ ಚುಕ್ಕೆ ಇಡಿಸಿ, ಅದು ಅಗೆದ ಗದ್ದೆಯೋ ಕಸದ ಗುಂಡಿಯೋ ಅಂತ ಮಕ್ಕಳೇ ಹೆಸರಿಡಲಿ. ಈಗ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಹೊಡೆಯಿರಿ. ಬಣ್ಣ ಏಣಿನ ಎರಡೂ ಕಡೆಗೆ ಇಳಿದು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಒಂದೇ ತಗ್ಗಿಗೆ ನೀರು ಕೊಡುವ ಅಷ್ಟೂ ಜಾಗ ಆ ತಗ್ಗಿನ ಜಲಾನಯನ. ಇದನ್ನು ನೋಡಿದ ಮಕ್ಕಳು ಊರಿನ ನಕ್ಷೆಯಲ್ಲಿ ಹಳ್ಳದ ಗೆರೆ ಹಿಡಿದು ಮೇಲಕ್ಕೆ ಹೋಗಿ, ಯಾವ ದಿಬ್ಬದಲ್ಲಿ ನೀರು ಎರಡು ಕಡೆಗೆ ಬೇರೆಯಾಗುತ್ತದೆ ಅಂತ ಸಲೀಸಾಗಿ ಗುರುತಿಸುತ್ತಾರೆ.

ಇನ್ನೊಂದು ಪ್ರಯೋಗ ಬಿಡಲೇಬೇಡಿ. ಮೂರು ದೊಡ್ಡ ಪ್ಲಾಸ್ಟಿಕ್ ಬಾಟಲಿಗಳನ್ನು ಅಡ್ಡ ಮಲಗಿಸಿ ಮೇಲ್ಭಾಗ ಕತ್ತರಿಸಿ, ಮೂರಕ್ಕೂ ಒಂದೇ ಮಣ್ಣು ತುಂಬಿ. ಒಂದು ಬರೀ ಮಣ್ಣು, ಒಂದರ ಮೇಲೆ ಒಣಗಿದ ಎಲೆ, ಇನ್ನೊಂದರಲ್ಲಿ ಬೇರು ಬಿಟ್ಟ ಹುಲ್ಲು. ಬಾಯಿ ಕೆಳಗಾಗುವಂತೆ ಸ್ವಲ್ಪ ಓರೆ ಮಾಡಿ, ಒಂದೊಂದಕ್ಕೂ ಅಷ್ಟೇ ನೀರು ಹಾಕಿ, ಹೊರಬರುವುದನ್ನು ಲೋಟದಲ್ಲಿ ಹಿಡಿಯಿರಿ. ಬರೀ ಮಣ್ಣಿನಿಂದ ರಾಡಿ ನೀರು, ಹುಲ್ಲಿನದರಿಂದ ತಿಳಿ ನೀರು. ಹಳ್ಳದಲ್ಲಿ ಹೂಳು ಯಾಕೆ ತುಂಬುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಇಷ್ಟಾದ ಮೇಲೆ ಹಳ್ಳಕ್ಕೆ ಹೋಗಿ. ಹೋಗುವ ಮುಂಚೆ ನೀವೊಬ್ಬರೇ ಒಮ್ಮೆ ಹೋಗಿ ಜಾಗ ನೋಡಿ ಬನ್ನಿ, ಪೋಷಕರ ಒಪ್ಪಿಗೆ ತೆಗೆದುಕೊಳ್ಳಿ, ಜೊತೆಗೆ ಬರಲು ದೊಡ್ಡವರನ್ನು ಕೇಳಿಕೊಳ್ಳಿ. ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ರಭಸದ ನೀರು 15 ಸೆಂಟಿಮೀಟರ್ ಆಳ ಇದ್ದರೂ ದೊಡ್ಡವರನ್ನೇ ಬೀಳಿಸಬಲ್ಲದು, ಹಾಗಾಗಿ ಮಳೆ ಬಂದ ದಿನ ಅಥವಾ ಹಳ್ಳ ಹರಿದು ಬರುವ ಮೇಲಿನ ಕಡೆ ಎಲ್ಲೋ ಮೋಡ ಕಟ್ಟಿರುವ ದಿನ ನೀರಿಗೆ ಇಳಿಸಲೇಬೇಡಿ. ಕಾಲಲ್ಲಿ ಗಾಯ ಇರುವ ಮಗು ದಂಡೆಯಲ್ಲೇ ಇರಲಿ, ಕೊಳಕು ನೀರಿನಿಂದ ಇಲಿಜ್ವರದಂಥ ಕಾಯಿಲೆ ಗಾಯದ ಮೂಲಕ ಸುಲಭವಾಗಿ ಒಳಗೆ ಹೋಗುತ್ತದೆ. ಚರಂಡಿ ನೀರು ಬೆರೆತಿರುವ ಹಳ್ಳವಾದರೆ ಯಾರೂ ಇಳಿಯುವುದು ಬೇಡ, ಸೇತುವೆ ಮೇಲಿಂದ ನೋಡಿದರೂ ಪಾಠ ಆಗುತ್ತದೆ. ವಾಪಸ್ ಬಂದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ.

ಹಳ್ಳದಲ್ಲಿ ಮೊದಲ ಹತ್ತು ನಿಮಿಷ ಏನನ್ನೂ ಅಳೆಯಬೇಡಿ. ಸುಮ್ನೆ ನೋಡಲಿ. ಬಣ್ಣ, ವಾಸನೆ, ನೊರೆ, ದಂಡೆಯ ಗಿಡ, ನೆರಳು, ಎಲ್ಲಿ ಮಡು, ಎಲ್ಲಿ ಕಲ್ಲಿನ ಮೇಲೆ ಸದ್ದು ಮಾಡುವ ಹರಿವು.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವುದು ಹುಳುಗಳು, ನೀರಿನ ಆರೋಗ್ಯದ ಬಗ್ಗೆ ತುಂಬಾ ಹೇಳುವುದೂ ಅವೇ. ಹರಿಯುವ ನೀರಿನಲ್ಲಿ ಅಂಗೈಯಗಲದ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ, ನೀರು ಹಾಕಿದ ಬಿಳಿ ತಟ್ಟೆಯಲ್ಲಿ ಅದರ ಅಡಿಭಾಗವನ್ನು ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಅರೆಕ್ಷಣ ಕಾದರೆ ತಟ್ಟೆಯಲ್ಲಿ ಓಡಾಟ ಶುರುವಾಗುತ್ತದೆ. ಎರಡು ಬಾಲದ ಸ್ಟೋನ್‌ಫ್ಲೈ ಮರಿ, ಸಾಮಾನ್ಯವಾಗಿ ಮೂರು ಬಾಲ ಇರುವ, ಹೊಟ್ಟೆಯ ಬದಿಗೆ ಕಿವಿರು ಆಡಿಸುವ ಮೇಫ್ಲೈ ಮರಿ, ಮರಳು ಕಡ್ಡಿ ಅಂಟಿಸಿ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್‌ಫ್ಲೈ ಮರಿ, ಈ ಮೂರು ಗುಂಪುಗಳಲ್ಲಿ ಬಹುಪಾಲಿಗೆ ಆಮ್ಲಜನಕ ಚೆನ್ನಾಗಿರುವ ನೀರು ಬೇಕು. ನೀರು ಕೆಟ್ಟರೆ ಮೊದಲು ಮಾಯವಾಗುವವರ ಸಾಲಿನಲ್ಲಿ ಇವು ಇರುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ಸ್ವಲ್ಪ ಸಹಿಸಿಕೊಳ್ಳುತ್ತದೆ. ಕೆಂಪಗಿನ ಬ್ಲಡ್‌ವರ್ಮ್ ಮತ್ತು ಟ್ಯೂಬಿಫೆಕ್ಸ್ ಹುಳುಗಳು ಆಮ್ಲಜನಕ ಕಮ್ಮಿಯಿರುವ ಕೆಸರಿನಲ್ಲೂ ಬದುಕುತ್ತವೆ. ಅವುಗಳ ಕೆಂಪಿಗೆ ಕಾರಣ ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್ ಅಂತ ಹೇಳಿ ನೋಡಿ, ಮಕ್ಕಳ ಕಣ್ಣು ಅರಳುತ್ತದೆ.

ಇಲ್ಲಿ ಒಂದು ಎಚ್ಚರ. ಕೆಂಪು ಹುಳು ಒಂದು ಸಿಕ್ಕಿತು ಅಂತ ನೀರು ಕೆಟ್ಟಿದೆ ಅನ್ನಬೇಡಿ, ಅದು ಒಳ್ಳೆಯ ನೀರಿನಲ್ಲೂ ಇರುತ್ತದೆ. ಎಷ್ಟು ಬಗೆಯ ಜೀವಿಗಳಿವೆ, ಕೆಟ್ಟ ನೀರನ್ನು ಸಹಿಸದ ಸೂಕ್ಷ್ಮದವು ಇವೆಯಾ ಇಲ್ಲವಾ ಅನ್ನುವುದು ಮುಖ್ಯ. ದೊಡ್ಡ ನೆರೆ ಬಂದ ಮರುದಿನ ಹುಳುಗಳು ಕೊಚ್ಚಿಹೋಗಿರಬಹುದು, ಆಗಿನ ಲೆಕ್ಕ ನಂಬಬೇಡಿ. ನೋಡಿ ಮುಗಿದ ಮೇಲೆ ಹುಳುಗಳನ್ನು ನೀರಿಗೆ ಬಿಟ್ಟು, ಕಲ್ಲನ್ನು ಮೊದಲಿದ್ದ ಹಾಗೇ ಇಡಿಸಿ. ಇದನ್ನು ಮರೆತರೆ ಉಳಿದ ಪಾಠಕ್ಕೆ ಅರ್ಥವಿಲ್ಲ.

ಇನ್ನು ಅಳತೆಗಳು, ಇವು ಐದನೇ ತರಗತಿಯ ಮೇಲಿನವರಿಗೆ. ಥರ್ಮಾಮೀಟರನ್ನು ನೆರಳಿನ ನೀರಿನಲ್ಲೂ ಬಿಸಿಲಿನ ನೀರಿನಲ್ಲೂ ಇಡಿಸಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ದಂಡೆಯ ಮರಕ್ಕೂ ಮೀನಿನ ಉಸಿರಿಗೂ ಇರುವ ನಂಟು ಈ ಎರಡು ಅಂಕಿಗಳಲ್ಲೇ ಇದೆ.

ಹರಿವು ಅಳೆಯಲು 10 ಮೀಟರ್ ಗುರುತು ಮಾಡಿ ಒಂದು ಕಡ್ಡಿ ಬಿಡಿ. ಅದಕ್ಕೆ 20 ಸೆಕೆಂಡ್ ಬೇಕಾದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಅಗಲ 2 ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ 200 ಲೀಟರ್ ಆಯಿತು. ತಳದ ಹತ್ತಿರ ನೀರು ನಿಧಾನ ಇರುವುದರಿಂದ ಅದನ್ನು 0.85ರಿಂದ ಗುಣಿಸಿ, 170 ಲೀಟರ್. ಆಳ ಅಳೆಯಲು ನೀರಿಗೆ ಇಳಿಯುವುದು ದೊಡ್ಡವರ ಕೆಲಸ. ನೀರು ಆಮ್ಲವೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿ ಸಿಕ್ಕರೆ ಅದನ್ನೂ ನೋಡಿ, ಸಾಮಾನ್ಯವಾಗಿ 6.5ರಿಂದ 8.5ರ ಒಳಗಿದ್ದರೆ ಗಾಬರಿ ಬೇಡ. ನೀರು ತಿಳಿಯಾಗಿದ್ದರೂ ಕುಡಿಯಲು ಬಿಡಬೇಡಿ, ಕಾಯಿಲೆಯ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ.

ಒಂದೇ ಭೇಟಿಯಿಂದ ಹಳ್ಳದ ಬಗ್ಗೆ ತೀರ್ಪು ಕೊಡಲು ಆಗದು. ಮಳೆಗಾಲದ ಆರಂಭ, ಮಳೆ ಮುಗಿದ ಮೇಲೆ, ಬೇಸಿಗೆ, ಮೂರೂ ಕಾಲದಲ್ಲಿ ಅದೇ ಜಾಗಕ್ಕೆ ಹೋಗಿ. ಒಂದೇ ನೋಟ್‌ಬುಕ್ಕಿನಲ್ಲಿ ತಾರೀಕು, ಹವೆ, ಅಳತೆ, ಚಿತ್ರ ಎಲ್ಲ ಇರಲಿ. ಸತ್ತ ಮೀನು, ವಿಚಿತ್ರ ಬಣ್ಣ, ಘಾಟು ವಾಸನೆ ಕಂಡರೆ ತಾರೀಕು ಮತ್ತು ಫೋಟೋ ಸಮೇತ ಸ್ಥಳೀಯ ಆಡಳಿತಕ್ಕೆ ಮಕ್ಕಳೇ ಪತ್ರ ಬರೆಯಲಿ, ಕೆಳಗೆ ನೀವೂ ಸಹಿ ಹಾಕಿ. ಶಾಲೆಯೊಳಗೂ ಮಾಡುವುದು ಸಾಕಷ್ಟಿದೆ. ಛಾವಣಿ ನೀರು ಬೀಳುವ ಕಡೆ ಇಂಗುಗುಂಡಿ ತೋಡಿಸಬಹುದು, ಮಣ್ಣು ಕೊಚ್ಚಿಹೋಗುವ ಮೂಲೆಗೆ ಹುಲ್ಲು ಹಾಕಿಸಬಹುದು. ಮುಂದಿನ ಮಳೆಯಲ್ಲಿ ಗೇಟಿನ ಪಕ್ಕದ ಚರಂಡಿ ನೀರನ್ನು ಲೋಟದಲ್ಲಿ ಹಿಡಿದು ಹಿಂದಿನದಕ್ಕಿಂತ ರಾಡಿ ಕಮ್ಮಿಯಾಗಿದೆಯಾ ನೋಡಲಿ, ಅದನ್ನೂ ನೋಟ್‌ಬುಕ್ಕಿಗೆ ಬರೆಯಲಿ. ವರ್ಷ ಮುಗಿದಾಗ ಆ ನೋಟ್‌ಬುಕ್ಕನ್ನು ಬೀರುವಿನಲ್ಲಿ ಇಡದೆ ಕೆಳಗಿನ ತರಗತಿಯವರ ಕೈಗೆ ಕೊಡಿಸಿ, ಯಾವ ಕಲ್ಲಿನ ಹತ್ತಿರ ನಿಂತು ಅಳೆದದ್ದು ಅಂತ ಈ ಮಕ್ಕಳೇ ಅವರನ್ನು ಕರೆದುಕೊಂಡು ಹೋಗಿ ತೋರಿಸಲಿ.