ಪಂಚಾಯಿತಿಗೆ ಸಲಹೆ ಕೊಡುವ ಮೊದಲು ತೋಡಿನ ಉದ್ದಕ್ಕೂ ನಡೆಯಿರಿ

ನಮ್ಮ ಕಡೆ ಪರಿಸರದ ಬಗ್ಗೆ ಕಾಳಜಿ ಇರುವವರಿಗೇನೂ ಕೊರತೆಯಿಲ್ಲ. ಆದರೆ ಗ್ರಾಮ ಸಭೆಯಲ್ಲಿ ಎದ್ದು ನಿಂತು ‘ಹೊಳೆ ಹಾಳಾಗುತ್ತಿದೆ’ ಎಂದಷ್ಟೇ ಹೇಳಿದರೆ ಆ ಮಾತು ಸಭೆಯ ಜೊತೆಗೇ ಮುಗಿದುಹೋಗುತ್ತದೆ. ನಾನೂ ಎರಡು ವರ್ಷ ಹಾಗೆಯೇ ಮಾತನಾಡಿ ಬರಿಗೈಯಲ್ಲಿ ಮರಳಿದ್ದೇನೆ.

ಈಗ ನಾವು ನಾಲ್ಕೈದು ಜನ ಸಭೆಗೆ ಮೊದಲೇ ತೋಡಿನ, ಅಂದರೆ ಹೊಳೆ ಸೇರುವ ಸಣ್ಣ ಹಳ್ಳದ, ಉದ್ದಕ್ಕೂ ನಡೆಯುತ್ತೇವೆ. ಕಾಫಿ ಕೊಯ್ಲಿನ ಸಮಯದಲ್ಲಿ ಒಮ್ಮೆ, ಕೊಡಗಿನ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮತ್ತೊಮ್ಮೆ. ಕಾಫಿ ಹಣ್ಣಿನ ಸಿಪ್ಪೆ ತೆಗೆದ ಪಲ್ಪಿಂಗ್ ನೀರು ಎಲ್ಲಿ ಸೇರುತ್ತದೆ, ಕಸ ಎಲ್ಲಿ ಸುರಿಯುತ್ತಾರೆ, ಯಾವ ಮೋರಿ ಕಟ್ಟಿಕೊಂಡಿದೆ ಎಂಬುದನ್ನು ದಿನಾಂಕದೊಡನೆ ಬರೆದು ಫೋಟೋ ತೆಗೆಯುತ್ತೇವೆ. ತೋಟದ ಕಾರ್ಮಿಕರ ಲೈನ್ ಮನೆಗಳ ಹೆಂಗಸರನ್ನು ತಪ್ಪದೆ ಕೇಳಿ. ನೀರಿನ ಬಣ್ಣ, ವಾಸನೆ ಬದಲಾದದ್ದು ಅವರಿಗೇ ಮೊದಲು ತಿಳಿಯುತ್ತದೆ.

ಮನವಿ ಒಂದೇ ಪುಟವಿರಲಿ, ಕೋರಿಕೆಯೂ ಒಂದೇ ಇರಲಿ. ವಾರ್ಡ್ ಸಭೆಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ನಡವಳಿ ಪುಸ್ತಕದಲ್ಲಿ ಬರೆಯುವವರೆಗೂ ಏಳಬೇಡಿ, ಇದು ಬಹಳ ಮುಖ್ಯ.

ತೋಡಿನಾಚೆಗೂ ಒಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ವಿಚಾರಿಸಿ. ಊರಿನ ಗಿಡಮರ, ಪ್ರಾಣಿ, ತಳಿಗಳನ್ನು ಆ ಸಮಿತಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ದೇವರಕಾಡಿನ ಮರಗಳು, ಗದ್ದೆಯ ಹಳೆಯ ಭತ್ತದ ತಳಿಗಳು ಸೇರಿವೆಯೇ ನೋಡಿ. ಸೇರಿಲ್ಲದಿದ್ದರೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಬರೆಸಿ, ಈ ಮಳೆಗಾಲಕ್ಕೆ ಮುನ್ನವೇ.