ಪುಸ್ತಕ ಮುಗಿಯುವ ಮೊದಲೇ ಹೇಳಿಬಿಡಿ

ನಾವು ಏಳು ಜನ ಗೆಳೆಯರು. ಪ್ರತಿ ಭಾನುವಾರ ಸಂಜೆ, ಸದ್ಯ ಯಾವ ಕಾದಂಬರಿ ಓದುತ್ತಿದ್ದೇವೆ ಅಂತ ಒಬ್ಬರಿಗೊಬ್ಬರು ಫೋನಿನಲ್ಲಿ ಬರೆದು ಕಳಿಸುತ್ತೇವೆ. ಒಬ್ಬರು ಟರ್ಕಿಯ ಕಥೆಯಲ್ಲಿದ್ದರೆ ಇನ್ನೊಬ್ಬರು ನೈಜೀರಿಯಾದಲ್ಲಿ ಇರುತ್ತಾರೆ. ಆರು ವರ್ಷದಿಂದ ಇದು ನಡೆದುಬಂದಿದೆ. ಹೀಗೆ ಹಂಚಿಕೊಳ್ಳುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಒಂದೇ ಮಾತು: ಪುಸ್ತಕ ಮುಗಿಯಲಿ ಅಂತ ಕಾಯಬೇಡಿ.

ಶುರುವಿನಲ್ಲಿ ನಾನು ಕಾಯುತ್ತಿದ್ದೆ. ಪೂರ್ತಿ ಓದದೆ ಮಾತಾಡುವುದು ತಪ್ಪು ಅನ್ನಿಸುತ್ತಿತ್ತು. ಕೊನೆಯ ಪುಟ ಮುಗಿಸಿ, ಎರಡು ದಿನ ಯೋಚನೆ ಮಾಡಿ ಬರೆಯಲು ಕೂತರೆ ಬರುತ್ತಿದ್ದದ್ದು ‘ತುಂಬಾ ಚೆನ್ನಾಗಿದೆ, ಎಲ್ಲರೂ ಓದಿ’ ಅನ್ನುವ ಸಾಲು ಮಾತ್ರ. ನಡುವೆ ನನ್ನನ್ನು ಕಾಡಿದ ಅನುಮಾನ, ಒಂದು ಪಾತ್ರದ ಮೇಲೆ ಬಂದ ಸಿಟ್ಟು, ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಿದಾಗ ತಲೆಯಲ್ಲಿ ಉಳಿದ ಪ್ರಶ್ನೆ, ಎಲ್ಲವೂ ಅಷ್ಟರಲ್ಲಿ ಮರೆತುಹೋಗಿರುತ್ತಿತ್ತು. ಮುಗಿದ ಪುಸ್ತಕದ ಬಗ್ಗೆ ನಾವು ತೀರ್ಪು ಕೊಡುತ್ತೇವೆ. ಅರ್ಧ ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ನನ್ನ ಗೆಳೆಯರಿಗೆ ಬೇಕಾಗಿದ್ದದ್ದು ಆ ಮಾತು.

ಹಾಗಾದರೆ ಏನು ಬರೆಯಬೇಕು? ಪುಸ್ತಕದ ಹೆಸರು, ಬರೆದವರು, ಮೂಲ ಭಾಷೆ, ಅನುವಾದ ಮಾಡಿದವರು. ಈಗ ಎಲ್ಲಿದ್ದೀರಿ ಅನ್ನುವುದು. ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದೇ ಒಂದು ಸಂಗತಿ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ. ಇಷ್ಟು ಸಾಕು, ಏಳೆಂಟು ಸಾಲು ದಾಟಬಾರದು. ನಾನು ಒಂದು ಭಾನುವಾರ ಕಳಿಸಿದ್ದು ಹೀಗಿತ್ತು:

“ಓದುತ್ತಿರುವುದು ‘ದಿ ವೆಜಿಟೇರಿಯನ್’. ಬರೆದವರು ಹಾನ್ ಕಾಂಗ್, ಕೊರಿಯನ್‌ನಿಂದ ಇಂಗ್ಲಿಷಿಗೆ ತಂದವರು ಡೆಬೊರಾ ಸ್ಮಿತ್. ಮೂರು ಭಾಗಗಳಲ್ಲಿ ಮೊದಲನೆಯದು ಮುಗಿಯಿತು. ಗಂಡ ಕಥೆ ಹೇಳುತ್ತಿದ್ದಾನೆ. ಕನಸು ಬಿದ್ದಿತು ಅಂತ ಹೆಂಡತಿ ಮಾಂಸ ಬಿಟ್ಟಿದ್ದಾಳೆ. ಅವಳ ಒಳದನಿ ಕೇಳುವುದು ನಡುನಡುವೆ ಬರುವ ಕನಸುಗಳಲ್ಲಿ ಮಾತ್ರ. ಅಷ್ಟು ಕೇಳಿದ್ದಕ್ಕೇ ಗಂಡನ ಮಾತಿನ ಮೇಲೆ ನನಗೆ ನಂಬಿಕೆ ಹೋಯಿತು. ಹೇಳುವವನನ್ನೇ ನಂಬದೆ ಕಥೆ ಓದುವುದು ಹೇಗೆ? ನಿಮಗೆ ಹೀಗೆ ಆಗಿದೆಯಾ?”

ಆ ಪ್ರಶ್ನೆಗೆ ನಾಲ್ಕು ಜನ ಉತ್ತರ ಬರೆದರು. ಅವರಲ್ಲಿ ಆ ಪುಸ್ತಕ ಓದಿದವರು ಒಬ್ಬರೂ ಇರಲಿಲ್ಲ. ಬೇರೆ ಬೇರೆ ದೇಶದ, ಬೇರೆ ಬೇರೆ ಪುಸ್ತಕಗಳ ಸುಳ್ಳುಗಾರರ ಬಗ್ಗೆ ಮಾತು ಬೆಳೆಯಿತು. ಎಲ್ಲರೂ ಒಂದೇ ಪುಸ್ತಕ ಓದಿರಬೇಕು ಅಂತೇನೂ ಇಲ್ಲ. ಪ್ರಶ್ನೆ ಎಲ್ಲರಿಗೂ ತಾಗುವಂತೆ ಇದ್ದರೆ ಆಯಿತು.

ಅನುವಾದಕರ ಹೆಸರನ್ನು ಎಂದೂ ಬಿಡಬೇಡಿ. ಇದು ಬರೀ ಮರ್ಯಾದೆಯ ಮಾತಲ್ಲ. ನೀವು ಓದುತ್ತಿರುವ ಒಂದೊಂದು ವಾಕ್ಯವನ್ನೂ ಬರೆದವರು ಅವರು. ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯನ್ನು 2016ರಿಂದ ಪ್ರತಿ ವರ್ಷ ಇಂಗ್ಲಿಷಿಗೆ ಅನುವಾದವಾದ ಒಂದು ಪುಸ್ತಕಕ್ಕೆ ಕೊಡುತ್ತಿದ್ದಾರೆ. ಅದರ 50,000 ಪೌಂಡನ್ನು ಬರೆದವರಿಗೂ ಅನುವಾದಿಸಿದವರಿಗೂ ಸಮನಾಗಿ ಹಂಚುತ್ತಾರೆ. ಹಾನ್ ಕಾಂಗ್ ಮತ್ತು ಡೆಬೊರಾ ಸ್ಮಿತ್ ಆ ಮೊದಲ ವರ್ಷವೇ ಅದನ್ನು ಪಡೆದರು. ಹಾಗಿದ್ದರೂ ಎಷ್ಟೋ ಪುಸ್ತಕಗಳ ಮುಖಪುಟದಲ್ಲಿ ಅನುವಾದಕರ ಹೆಸರು ಇನ್ನೂ ಕಾಣುವುದಿಲ್ಲ. ಒಳಗಿನ ಪುಟ ತಿರುಗಿಸಿ ಹುಡುಕಿ ಬರೆಯಬೇಕು.

ಹುಡುಕುವಾಗ ಇನ್ನೊಂದನ್ನೂ ನೋಡಿ: ಅನುವಾದ ನೇರವಾಗಿ ಮೂಲದಿಂದ ಬಂತಾ, ನಡುವೆ ಮತ್ತೊಂದು ಭಾಷೆ ಇದೆಯಾ? ಪೋಲಿಷ್ ಲೇಖಕ ಸ್ತಾನಿಸ್ವಾಫ್ ಲೆಮ್ ಬರೆದ ‘ಸೊಲಾರಿಸ್’ 1961ರಲ್ಲಿ ಬಂತು. 1970ರ ಇಂಗ್ಲಿಷ್ ಅನುವಾದ ಮಾಡಿದ್ದು ಫ್ರೆಂಚ್ ಅನುವಾದದಿಂದ. ನೇರ ಪೋಲಿಷ್‌ನಿಂದ ಇಂಗ್ಲಿಷಿಗೆ ಬರಲು 2011ರವರೆಗೆ ಕಾಯಬೇಕಾಯಿತು. ಒಂದೇ ಪುಸ್ತಕದ ಬಗ್ಗೆ ಇಬ್ಬರು ಮಾತಾಡುತ್ತಾ, ‘ನನ್ನ ಪುಸ್ತಕದಲ್ಲಿ ಹಾಗಿಲ್ಲವಲ್ಲ’ ಅಂತ ತಬ್ಬಿಬ್ಬಾದರೆ ಕಾರಣ ಇಲ್ಲೇ ಇರಬಹುದು.

ಈಗ ನನಗೆ ತುಂಬಾ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಓದಿದ್ದು ಇಂಗ್ಲಿಷಿನಲ್ಲಿ ಆದರೂ ಹೇಳುವುದು ಕನ್ನಡದಲ್ಲಿ ಅಲ್ವಾ? ಆ ದಾರಿಯಲ್ಲಿ ಕಥೆ ನಿಮಗೆ ಇನ್ನೊಮ್ಮೆ ಸಿಗುತ್ತದೆ. ಒಂದು ಸಲ ಹಾಗೆ ಹೇಳಲು ಹೋಗಿ ‘ಸಿಸ್ಟರ್’ ಅನ್ನುವ ಪದದ ಹತ್ತಿರ ನಿಂತುಬಿಟ್ಟೆ. ಅಕ್ಕನಾ, ತಂಗಿಯಾ? ಇಂಗ್ಲಿಷಿನಲ್ಲಿ ಓದುವಾಗ ಅದು ಗಮನಕ್ಕೇ ಬಂದಿರಲಿಲ್ಲ. ಹಿಂದಿನ ಪುಟಗಳನ್ನು ತಿರುವಿ, ಯಾರು ಮೊದಲು ಹುಟ್ಟಿದವರು ಅಂತ ಹುಡುಕಿದೆ. ಅಕ್ಕ ಅಂತ ಗೊತ್ತಾದ ಮೇಲೆ ಆ ಹೆಣ್ಣು ಮಾತಾಡುವ ರೀತಿಗೆ, ಹೊತ್ತ ಹೊಣೆಗೆ ಬೇರೆಯೇ ಅರ್ಥ ಬಂತು.

‘ದಿ ವೆಜಿಟೇರಿಯನ್’ ಎರಡನೇ ಭಾಗದಲ್ಲೂ ಹೀಗೇ ಆಯಿತು. ಅಲ್ಲಿ ಕಥೆಯ ನಡುವೆ ಇರುವವನು ಅವಳ ‘ಬ್ರದರ್ ಇನ್ ಲಾ’. ಇಂಗ್ಲಿಷಿನಲ್ಲಿ ಗಂಡನ ಅಣ್ಣ, ಗಂಡನ ತಮ್ಮ, ಅಕ್ಕನ ಗಂಡ, ತಂಗಿಯ ಗಂಡ ಎಲ್ಲರಿಗೂ ಅದೊಂದೇ ಪದ. ಇವನು ಅಕ್ಕನ ಗಂಡ. ಕೊರಿಯನ್‌ನಲ್ಲಿ ಹೆಣ್ಣು ತನ್ನ ಅಕ್ಕನ ಗಂಡನನ್ನು ‘ಹ್ಯೊಂಗ್‌ಬು’ ಅನ್ನುತ್ತಾಳೆ. ನಮ್ಮಲ್ಲಿ ‘ಭಾವ’. ನಾನು ‘ಭಾವ’ ಅಂತ ಬರೆದ ತಕ್ಷಣ ಆ ಸಂಬಂಧದ ಸಲಿಗೆ, ಅದರ ಎಲ್ಲೆ, ಅದನ್ನು ದಾಟಿದರೆ ಏನಾಗುತ್ತದೆ ಅನ್ನುವ ಭಯ ಎಲ್ಲವೂ ಬಂದು ಕೂತವು. ಇಂಗ್ಲಿಷ್ ದಾಟುವಾಗ ಕಳೆದುಹೋಗಿದ್ದು ಕನ್ನಡದಲ್ಲಿ ವಾಪಸ್ ಸಿಕ್ಕಿತು. ಇದನ್ನು ಕಂಡ ದಿನ ನನಗೆ ನಿಜವಾಗಲೂ ನಿದ್ದೆ ಬರಲಿಲ್ಲ.

‘ಯೂ’ ಅನ್ನುವುದೂ ಇದೇ ರೀತಿ. ಫ್ರೆಂಚಿನಲ್ಲಿ ‘ತು’ ಮತ್ತು ‘ವೂ’, ಜರ್ಮನ್‌ನಲ್ಲಿ ‘ದು’ ಮತ್ತು ‘ಝೀ’, ರಷ್ಯನ್‌ನಲ್ಲಿ ‘ತಿ’ ಮತ್ತು ‘ವಿ’. ನಮ್ಮ ನೀನು, ನೀವು ಇದ್ದ ಹಾಗೆ. ಇಬ್ಬರು ಯಾವಾಗ ‘ನೀವು’ ಬಿಟ್ಟು ‘ನೀನು’ ಅನ್ನುತ್ತಾರೆ ಅನ್ನುವುದು ಒಂದು ಪ್ರೇಮಕಥೆಯ ದೊಡ್ಡ ತಿರುವು ಆಗಿರಬಹುದು. ಇಂಗ್ಲಿಷಿನಲ್ಲಿ ಅದು ಕಾಣುವುದಿಲ್ಲ. ಹೇಳುವಾಗ ನೀವೇ ತೀರ್ಮಾನ ಮಾಡಬೇಕು, ಯಾಕೆ ಹಾಗೆ ಮಾಡಿದಿರಿ ಅಂತ ಒಂದು ಸಾಲು ಬರೆಯಿರಿ. ಅದರ ಮೇಲೇ ಒಂದು ಸಂಜೆ ಮಾತು ನಡೆಯುತ್ತದೆ.

ತದ್ವಿರುದ್ಧ ಕಷ್ಟವೂ ಉಂಟು. ಟರ್ಕಿಶ್, ಫಿನ್ನಿಶ್, ಹಂಗೇರಿಯನ್ ಭಾಷೆಗಳಲ್ಲಿ ಅವನು, ಅವಳು ಅಂತ ಬೇರೆ ಪದಗಳಿಲ್ಲ, ಇಬ್ಬರಿಗೂ ಒಂದೇ. ನಮ್ಮಲ್ಲಿ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ: ಬಂದನು, ಬಂದಳು. ಲೇಖಕರು ಬೇಕಂತಲೇ ಗಂಡೋ ಹೆಣ್ಣೋ ಹೇಳದೆ ಮುಚ್ಚಿಟ್ಟಿದ್ದರೆ ‘ಅವರು ಬಂದರು’ ಅಂತ ಬರೆಯಿರಿ. ಗೌರವ ಜಾಸ್ತಿ ಆಗಬಹುದು, ಆದರೆ ಗುಟ್ಟು ಉಳಿಯುತ್ತದೆ.

ಫ್ರೆಂಚ್ ಲೇಖಕ ಆಲ್ಬೆರ್ ಕಮೂ ಅವರ, 1942ರಲ್ಲಿ ಬಂದ ‘ದಿ ಸ್ಟ್ರೇಂಜರ್’ ಕಾದಂಬರಿಯ ಮೊದಲ ವಾಕ್ಯದಲ್ಲಿ ‘ಮಮಾಂ’ ಅನ್ನುವ, ಮಗು ಅಮ್ಮನನ್ನು ಕರೆಯುವ ಪದ ಇದೆ. 1946ರ ಇಂಗ್ಲಿಷ್ ಅನುವಾದದಲ್ಲಿ ಸ್ಟುವರ್ಟ್ ಗಿಲ್ಬರ್ಟ್ ‘ಮದರ್’ ಅಂದರು. 1988ರಲ್ಲಿ ಮ್ಯಾಥ್ಯೂ ವಾರ್ಡ್ ಫ್ರೆಂಚ್ ಪದವನ್ನೇ ಇಟ್ಟರು. ಕನ್ನಡದಲ್ಲಿ ‘ಅಮ್ಮ’ ಅಂದರೆ ಸಾಕು, ‘ತಾಯಿ’ ಅಂದರೆ ಮಗ ದೂರ ಸರಿದುಬಿಡುತ್ತಾನೆ. ಒಂದು ಪದ ಇಷ್ಟು ಮಾಡುತ್ತದೆ.

ಹೆಸರುಗಳ ವಿಷಯ. ಪರದೇಶದ ಕಾದಂಬರಿಯನ್ನು ಜನ ಅರ್ಧಕ್ಕೆ ಬಿಡುವುದಕ್ಕೆ ಹೆಸರುಗಳ ಗೊಂದಲವೇ ಮುಖ್ಯ ಕಾರಣ ಅಂತ ನನ್ನ ಅನುಭವ. ನಾನು ಓದುವಾಗ ಒಂದು ಚೀಟಿಯಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆದು ಪುಸ್ತಕದಲ್ಲಿ ಇಡುತ್ತೇನೆ. ಭಾನುವಾರ ಅದರ ಫೋಟೋ ತೆಗೆದು ಕಳಿಸುತ್ತೇನೆ. ಮುಂದೆ ಆ ಪುಸ್ತಕ ಹಿಡಿಯುವವರಿಗೆ ಅದು ದೊಡ್ಡ ಸಹಾಯ. ರಷ್ಯನ್ ಕಥೆಯಾದರೆ ಚೀಟಿ ಇಲ್ಲದೆ ಆಗುವುದೇ ಇಲ್ಲ. ದ್ಮಿತ್ರಿ ಮನೆಯವರಿಗೆ ಮಿತ್ಯಾ ಆಗುತ್ತಾನೆ. ಅಲೆಕ್ಸಾಂದರ್ ಅನ್ನುವ ಗಂಡೂ ಸಾಶಾ, ಅಲೆಕ್ಸಾಂದ್ರಾ ಅನ್ನುವ ಹೆಣ್ಣೂ ಸಾಶಾ. ನಡುವಿನ ಹೆಸರು ಅಪ್ಪನಿಂದ ಬರುತ್ತದೆ. ಕೊರಿಯಾ, ಚೀನಾ, ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಹಾನ್ ಕಾಂಗ್ ಅವರಲ್ಲಿ ಹಾನ್ ಮನೆತನ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ಕೊನೆಯಲ್ಲಿ ‘ದೋತ್ತಿರ್’ ಇದ್ದರೆ ಇಂಥವರ ಮಗಳು, ‘ಸೋನ್’ ಇದ್ದರೆ ಮಗ ಅಂತ ಅರ್ಥ. ಅಂಥವರನ್ನು ಮೊದಲ ಹೆಸರಿನಿಂದಲೇ ಕರೆಯಬೇಕು.

ಕನ್ನಡ ಲಿಪಿಯಲ್ಲಿ ಹೆಸರು ಬರೆಯುವಾಗ ಇಂಗ್ಲಿಷ್ ಅಕ್ಷರ ನೋಡಿ ಊಹೆ ಮಾಡಬೇಡಿ. ನಾವು ಬರೆದಂತೆಯೇ ಓದುವವರು, ತಪ್ಪು ಬರೆದರೆ ತಪ್ಪೇ ನಿಲ್ಲುತ್ತದೆ. ಸ್ಪ್ಯಾನಿಷ್‌ನಲ್ಲಿ ‘ಜೆ’ ಅಕ್ಷರಕ್ಕೆ ಹಕಾರದ ಹತ್ತಿರದ ಉಚ್ಚಾರ, ಹಾಗಾಗಿ ಹುಲಿಯೊ, ಹೋರ್ಹೆ. ಲೇಖಕರು ತಮ್ಮ ಹೆಸರನ್ನು ತಾವೇ ಹೇಳುವ ಸಂದರ್ಶನ ಸಿಕ್ಕರೆ ಒಂದು ನಿಮಿಷ ಕೇಳಿ, ಆಮೇಲೆ ಬರೆಯಿರಿ.

ನಮ್ಮ ಏಳು ಜನರಲ್ಲಿ ಒಬ್ಬರಿಗೆ ಕಣ್ಣು ಪೂರ್ತಿ ಹೋಗಿದೆ. ಅವರಿಗಾಗಿ ನಾವು ದನಿಯಲ್ಲಿ ಕಳಿಸುವುದು ಶುರುವಾಯಿತು, ಈಗ ಎಲ್ಲರೂ ಅದನ್ನೇ ಕಾಯುತ್ತಾರೆ. ಎರಡು ನಿಮಿಷ ಮೀರಬಾರದು. ಮೊದಲು ಒಂದು ಸಾಲಿನಲ್ಲಿ ಯಾರು, ಎಲ್ಲಿ ಇದ್ದಾರೆ ಅಂತ ಹೇಳಿ. ನಂತರ ಒಂದು ಪ್ಯಾರಾ ನಿಧಾನವಾಗಿ ಓದಿ. ಯಾವ ಪ್ಯಾರಾ ಅಂತ ಆರಿಸುವಾಗ ಸುಂದರವಾದದ್ದನ್ನು ಬಿಟ್ಟು, ಏನಾದರೂ ನಡೆಯುವುದನ್ನು ಆರಿಸಿ: ಯಾರೋ ಬಾಗಿಲು ತಟ್ಟುತ್ತಾರೆ, ಯಾರೋ ಕಾಗದ ಹರಿಯುತ್ತಾರೆ. ಕಿವಿಗೆ ವರ್ಣನೆ ಬೇಗ ಸಾಕಾಗುತ್ತದೆ. ಕಳಿಸುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಹೆಸರಿನ ಹತ್ತಿರ ತಡವರಿಸಿದರೆ ಕೇಳುವವರಿಗೆ ದಾರಿ ತಪ್ಪುತ್ತದೆ.

ಒಂದು ಕಾದಂಬರಿ ಓದಿ ಒಂದು ದೇಶದ ಬಗ್ಗೆ ಮಾತಾಡಬೇಡಿ. ನಾನು ಈ ತಪ್ಪು ಮಾಡಿದ್ದೇನೆ. ಒಂದು ಜಪಾನಿ ಕಾದಂಬರಿಯ ನೂರು ಪುಟ ಓದಿ, ‘ಜಪಾನಿನವರು ಮನಸ್ಸಿನಲ್ಲಿ ಇದ್ದದ್ದನ್ನು ಹೇಳುವುದಿಲ್ಲ’ ಅಂತ ಬರೆದೆ. ಅಲ್ಲಿ ಹನ್ನೊಂದು ವರ್ಷ ಇದ್ದುಬಂದ ಗೆಳತಿ ಕೇಳಿದಳು, ‘ಯಾವ ಜಪಾನಿನವರು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 2025ರ ಇಂಟರ್‌ನ್ಯಾಷನಲ್ ಬೂಕರ್ ಪಡೆದಾಗ ಆ ಪ್ರಶ್ನೆ ನೆನಪಾಯಿತು. ಆ ಕಥೆಗಳನ್ನು ಎಲ್ಲೋ ದೂರದಲ್ಲಿ ಕೂತು ಓದಿದವರು ‘ಕನ್ನಡದವರೆಲ್ಲ ಹೀಗೆ’ ಅಂತ ಬರೆದರೆ ನಮಗೆ ಹೇಗೆ ಅನ್ನಿಸುತ್ತದೆ? ಪಾತ್ರದ ಹೆಸರು ಹಿಡಿದು ಮಾತಾಡಿ. ‘ಇವಳು ಹೇಳಲಿಲ್ಲ’ ಅನ್ನಿ. ಅಷ್ಟಕ್ಕೆ ನಿಮ್ಮ ಬಳಿ ಆಧಾರ ಇದೆ.

ಮುಂದಿನದನ್ನು ಬಯಲು ಮಾಡದಿರುವುದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೂ ತಪ್ಪು ಆಗುತ್ತದೆ, ಯಾಕೆಂದರೆ ನಾವು ಪುಟದ ಸಂಖ್ಯೆ ಹೇಳುತ್ತೇವೆ. ಒಂದು ಮುದ್ರಣದ 140ನೇ ಪುಟ ಇನ್ನೊಂದರಲ್ಲಿ 170 ಆಗಿರುತ್ತದೆ. ಫೋನಿನಲ್ಲಿ ಓದುವವರಿಗೆ ಪುಟವೇ ಇರುವುದಿಲ್ಲ. ಹೀಗೇ ಆಗಿ ಒಬ್ಬರಿಗೆ ಒಂದು ಸಾವಿನ ವಿಷಯ ನಾನು ಮೊದಲೇ ಹೇಳಿಬಿಟ್ಟೆ. ಅವರು ಆ ಪುಸ್ತಕ ಮತ್ತೆ ಮುಟ್ಟಲಿಲ್ಲ. ಆ ಬೇಸರ ನನಗೆ ಇವತ್ತಿಗೂ ಇದೆ. ಅಧ್ಯಾಯದ ಸಂಖ್ಯೆ ಹೇಳಿ, ಅಧ್ಯಾಯವೇ ಇಲ್ಲದಿದ್ದರೆ ‘ಮದುವೆ ಆದ ಮೇಲೆ, ಹಡಗು ಹತ್ತುವ ಮೊದಲು’ ಅಂತ ಗುರುತು ಹೇಳಿ. ಹಿನ್ನುಡಿ, ಮುನ್ನುಡಿಗಳ ಬಗ್ಗೆಯೂ ಎಚ್ಚರ. ಎಷ್ಟೋ ಮುನ್ನುಡಿಗಳು ಕೊನೆಯನ್ನೇ ಹೇಳಿಬಿಡುತ್ತವೆ, ಅವನ್ನು ಕೊನೆಗೆ ಓದಿ ಅಂತ ಗೆಳೆಯರಿಗೆ ತಿಳಿಸಿ.

ಪುಸ್ತಕದ ಪೂರ್ತಿ ಪಿಡಿಎಫ್ ಕಳಿಸಬೇಡಿ. ಒಂದು ಪ್ಯಾರಾ ಸಾಕು. ಅನುವಾದದ ಪುಸ್ತಕ ಮಾರಾಟ ಆದರೆ ಮಾತ್ರ ಆ ಭಾಷೆಯಿಂದ ಇನ್ನೊಂದು ಬರುತ್ತದೆ.

ಅರ್ಧಕ್ಕೆ ಬಿಟ್ಟದ್ದನ್ನೂ ಹೇಳಿ, ಎಲ್ಲಿ ಬಿಟ್ಟಿರಿ ಅನ್ನುವುದನ್ನೂ ಸೇರಿಸಿ. ನಾನು ಮೂರನೇ ಅಧ್ಯಾಯದಲ್ಲಿ ಕೈಬಿಟ್ಟ ಒಂದು ಪೋರ್ಚುಗೀಸ್ ಕಾದಂಬರಿಯನ್ನು ಕಣ್ಣು ಕಾಣದ ಆ ಗೆಳೆಯರು ಕೇಳುಪುಸ್ತಕದಲ್ಲಿ ಹಿಡಿದರು. ಪೂರ್ಣವಿರಾಮವೇ ಇಲ್ಲದ ಉದ್ದ ವಾಕ್ಯಗಳು ನನಗೆ ಕಣ್ಣಿಗೆ ಭಾರ ಆಗಿದ್ದವು. ಅವರಿಗೆ ಅದು ಯಾರೋ ಪಕ್ಕದಲ್ಲಿ ಕೂತು ಒಂದೇ ಸಮನೆ ಮಾತಾಡಿದ ಹಾಗೆ ಕೇಳಿಸಿತಂತೆ. ಕಳೆದ ವಾರ ಅವರು ಏಳನೇ ಅಧ್ಯಾಯದಲ್ಲಿ ಇದ್ದರು. ನಾನು ಪುಸ್ತಕ ಮತ್ತೆ ಕೆಳಗಿಳಿಸಿ, ಮೂರನೇ ಅಧ್ಯಾಯವನ್ನು ಗಟ್ಟಿಯಾಗಿ ಓದಲು ಶುರು ಮಾಡಿದ್ದೇನೆ.