‘ಇತಿಹಾಸದಲ್ಲಿ ಈ ದಿನ’: ವಿಚಿತ್ರ ಘಟನೆಗಳನ್ನು ಆರಿಸಿ, ಪರಿಶೀಲಿಸಿ, ಬರೆಯುವ ವಿಧಾನ

ಇತಿಹಾಸದಲ್ಲಿ ಇದೇ ದಿನ ನಡೆದ ವಿಚಿತ್ರ ಘಟನೆಗಳ ಟಿಪ್ಪಣಿಯನ್ನು ಸಿದ್ಧಪಡಿಸುವವರು ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಘಟನೆ ನಿಜವಾಗಿಯೂ ನಡೆಯಿತೇ, ಮತ್ತು ಅದು ಇದೇ ದಿನ ನಡೆಯಿತೇ? ಮೊದಲನೆಯದನ್ನು ಅನೇಕರು ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ. ಇಂಥ ಟಿಪ್ಪಣಿ ನಿಂತಿರುವುದೇ ತಾರೀಖಿನ ಮೇಲೆ ಎಂಬುದನ್ನು ಮರೆಯಲಾಗದು. ಯುದ್ಧ, ಒಪ್ಪಂದ, ಪಟ್ಟಾಭಿಷೇಕಗಳ ದಿನಾಂಕಗಳನ್ನು ಹಲವು ತಲೆಮಾರುಗಳ ಇತಿಹಾಸಕಾರರು ಒರೆಗೆ ಹಚ್ಚಿರುತ್ತಾರೆ. ವಿಚಿತ್ರ ಘಟನೆಗಳಿಗೆ ಆ ಭಾಗ್ಯವಿಲ್ಲ. ಅವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನಕಲಾಗುತ್ತ, ದಾರಿಯುದ್ದಕ್ಕೂ ಒಂದಷ್ಟು ಬಣ್ಣ ಬಳಿಸಿಕೊಳ್ಳುತ್ತ ನಮ್ಮವರೆಗೆ ಬಂದಿರುತ್ತವೆ.

ಈ ನಕಲಿನ ಅಪಾಯಕ್ಕೆ ಬಾತ್‌ಟಬ್ಬಿನ ಕಥೆಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಅಮೆರಿಕದ ಪತ್ರಕರ್ತ ಎಚ್. ಎಲ್. ಮೆಂಕೆನ್ 1917ರ ಡಿಸೆಂಬರ್ 28ರಂದು ‘ನ್ಯೂಯಾರ್ಕ್ ಈವ್ನಿಂಗ್ ಮೇಲ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, 1842ರ ಡಿಸೆಂಬರ್ 20ರಂದು ಸಿನ್ಸಿನಾಟಿ ನಗರದಲ್ಲಿ ಅಮೆರಿಕದ ಮೊದಲ ಬಾತ್‌ಟಬ್ ಬಳಕೆಗೆ ಬಂತೆಂದೂ, ಮುಂದೆ ಅಧ್ಯಕ್ಷ ಮಿಲಾರ್ಡ್ ಫಿಲ್ಮೋರ್ ಶ್ವೇತಭವನದಲ್ಲೇ ಒಂದನ್ನು ಹಾಕಿಸಿದ್ದರಿಂದ ಅದಕ್ಕೆ ಮರ್ಯಾದೆ ದೊರೆಯಿತೆಂದೂ, ಇಂಥ ಮಹತ್ವದ ದಿನದ 75ನೆಯ ವಾರ್ಷಿಕೋತ್ಸವವನ್ನು ಯಾರೂ ನೆನೆಯಲಿಲ್ಲವೆಂದೂ ಹಳಹಳಿಸಿದರು. ಇಡೀ ಕಥೆ ಅವರ ಕಲ್ಪನೆಯಾಗಿತ್ತು. 1926ರಲ್ಲಿ ಅವರೇ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರೂ ಕಥೆಯ ಓಟ ನಿಲ್ಲಲಿಲ್ಲ. ತಾರೀಖು ನಿಖರವಾಗಿದ್ದ ಮಾತ್ರಕ್ಕೆ ಸಂಗತಿ ನಿಜವಾಗುವುದಿಲ್ಲ. ಹತ್ತು ಕಡೆ ಅದೇ ತಾರೀಖು ಕಂಡರೂ ಆ ಹತ್ತೂ ಒಂದೇ ಮೂಲದಿಂದ ಬಂದವಾಗಿದ್ದರೆ ಲೆಕ್ಕಕ್ಕೆ ಒಂದೇ. ಆದ್ದರಿಂದ ಎಷ್ಟು ಕಡೆ ಬರೆದಿದೆ ಎಂದು ಎಣಿಸುವ ಬದಲು, ಒಂದನ್ನೊಂದು ನೋಡದೆ ಬರೆದವರು ಎಷ್ಟು ಮಂದಿ ಎಂಬುದನ್ನು ಗಮನಿಸಬೇಕು.

ಘಟನೆಗೆ ಅತ್ಯಂತ ಸಮೀಪದ ದಾಖಲೆಯಿಂದ ಆರಂಭಿಸುವುದು ಸರಿಯಾದ ಕ್ರಮ. ಆ ವಾರದ ಪತ್ರಿಕೆಗಳು, ಸಾವುಗಳ ವಿಚಾರಣೆಯ ವರದಿ, ನ್ಯಾಯಾಲಯದ ಕಡತ, ಹಡಗಿನ ದಿನಚರಿ ಇವೆಲ್ಲ ಈಗ ಸಾಕಷ್ಟು ಮಟ್ಟಿಗೆ ಡಿಜಿಟಲ್ ರೂಪದಲ್ಲಿ ಸಿಗುತ್ತವೆ. 1814ರ ಅಕ್ಟೋಬರ್ 17ರಂದು ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಬಳಿಯ ಬಿಯರ್ ತಯಾರಿಕಾ ಕಾರ್ಖಾನೆಯಲ್ಲಿ ಮರದ ಬೃಹತ್ ಪೀಪಾಯಿಯೊಂದು ಒಡೆದು, ಅದರ ರಭಸಕ್ಕೆ ಹಿಂಬದಿಯ ಗೋಡೆ ಉರುಳಿ, ಬಿಯರ್ ಪ್ರವಾಹ ಬಡವರ ಬೀದಿಗೆ ನುಗ್ಗಿ ಎಂಟು ಜನ ಸತ್ತರು. ಒಡೆಯುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ಪೀಪಾಯಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಯೊಂದು ಕಳಚಿ ಬಿದ್ದಿತ್ತೆಂಬುದು ವಿಚಾರಣೆಯಲ್ಲಿ ದಾಖಲಾಗಿದೆ. ಇಂದಿನ ಪಟ್ಟಿಗಳಲ್ಲಿ ಇದರ ಜೊತೆಗೆ, ಜನರು ಪಾತ್ರೆ ಹಿಡಿದು ಬೀದಿಗೆ ಓಡಿ ಬಂದು ಕುಡಿದರೆಂದೂ ಕುಡಿತದಿಂದಲೇ ಇನ್ನಷ್ಟು ಸಾವುಗಳಾದವೆಂದೂ ಸೇರಿರುತ್ತದೆ. ಅಂದಿನ ಪತ್ರಿಕೆಗಳಲ್ಲಿ ಅಂಥ ಯಾವ ವರದಿಯೂ ಇಲ್ಲ. ಸತ್ತವರಲ್ಲಿ ಕೆಲವರು ನೆಲಮಾಳಿಗೆಯೊಂದರಲ್ಲಿ ಮಗುವಿನ ಶವದ ಸುತ್ತ ಕುಳಿತಿದ್ದವರು ಎಂಬ ದಾಖಲಿತ ವಿವರ ಮಾತ್ರ ಎಷ್ಟೋ ಪಟ್ಟಿಗಳಿಂದ ಬಿಟ್ಟುಹೋಗಿದೆ.

ಹಾಗೆಂದು ನಂಬಲಾಗದ್ದೆಲ್ಲ ಸುಳ್ಳಲ್ಲ. 1919ರ ಜನವರಿ 15ರಂದು ಬಾಸ್ಟನ್ ನಗರದಲ್ಲಿ 15 ಮೀಟರ್ ಎತ್ತರದ ತೊಟ್ಟಿ ಸಿಡಿದು, ಸುಮಾರು 87 ಲಕ್ಷ ಲೀಟರ್ ಕಾಕಂಬಿ ಬೀದಿಗಳಲ್ಲಿ ಹರಿದು 21 ಜನರನ್ನು ಬಲಿ ತೆಗೆದುಕೊಂಡ ದುರಂತ, ಕೇಳಲು ಬಿಯರ್ ಪ್ರವಾಹಕ್ಕಿಂತಲೂ ಅಸಂಭವವೆನಿಸುತ್ತದೆ. ಆದರೆ ಅದರ ಬಗ್ಗೆ ವರ್ಷಗಟ್ಟಲೆ ನಡೆದ ಮೊಕದ್ದಮೆಯ ಸಾಕ್ಷ್ಯಗಳ ರಾಶಿಯೇ ಇದೆ. ವಿಚಿತ್ರ ಘಟನೆಗಳಲ್ಲಿ ಪರಿಹಾರದ ಮೊಕದ್ದಮೆ ನಡೆದವುಗಳನ್ನು ಮೊದಲು ಆರಿಸುವುದು ಜಾಣತನ. ಹಣದ ವಿಷಯ ಬಂದಾಗ ಎರಡೂ ಕಡೆಯವರು ವಿವರಗಳನ್ನು ಬಿಡದೆ ಜಾಲಾಡಿರುತ್ತಾರೆ.

ಇನ್ನು ತಾರೀಖಿನ ವಿಷಯ. ಇಲ್ಲಿ ಸಾಕಷ್ಟು ಸಮಯ ಕೊಡಲೇಬೇಕು. ಯುರೋಪಿನ ಕೆಲವು ದೇಶಗಳು 1582ರಲ್ಲಿ ಹಳೆಯ ಜೂಲಿಯನ್ ಪದ್ಧತಿಯನ್ನು ಬಿಟ್ಟು ಇಂದು ಬಳಕೆಯಲ್ಲಿರುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಾಗ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು. ಬ್ರಿಟನ್ ಈ ಬದಲಾವಣೆ ಮಾಡಿಕೊಂಡದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ 14. ರಷ್ಯಾದಲ್ಲಿ 1918ರ ಜನವರಿ 31 ಕಳೆದು ಫೆಬ್ರವರಿ 14 ಬಂತು. ಆದ್ದರಿಂದ 1752ರ ಸೆಪ್ಟೆಂಬರ್ 8ರಂದು ಲಂಡನ್ನಿನಲ್ಲಿ ಏನೋ ನಡೆಯಿತೆಂದು ಬರೆದ ಟಿಪ್ಪಣಿ ಕಂಡರೆ, ಆ ದಿನವೇ ಅಲ್ಲಿ ಇರಲಿಲ್ಲವೆಂಬ ಕಾರಣಕ್ಕೆ ಅದನ್ನು ಬದಿಗಿಡಬಹುದು. ಕಳೆದುಹೋದ ಹನ್ನೊಂದು ದಿನಗಳನ್ನು ಮರಳಿ ಕೊಡಿರೆಂದು ಜನ ದಂಗೆಯೆದ್ದರೆಂಬ ಪ್ರಸಿದ್ಧ ಕಥೆಗೂ ಸಮಕಾಲೀನ ಆಧಾರವನ್ನು ಇತಿಹಾಸಕಾರರು ಕಂಡಿಲ್ಲ. ಚಿತ್ರಕಾರ ವಿಲಿಯಂ ಹೊಗಾರ್ತ್ ಚುನಾವಣೆಯನ್ನು ಲೇವಡಿ ಮಾಡಿ ಬರೆದ ಚಿತ್ರವೊಂದರಲ್ಲಿ ಆ ಘೋಷಣೆಯ ಫಲಕ ಕಾಣಿಸುತ್ತದೆ, ದಂಗೆಯ ಕಥೆಗೆ ಬಹುಮಟ್ಟಿಗೆ ಅದೇ ಮೂಲ.

ಜೂಲಿಯನ್ ದಿನಾಂಕವನ್ನು ಇಂದಿನ ಲೆಕ್ಕಕ್ಕೆ ತರಲು 1582ರಿಂದ 1700ರ ಫೆಬ್ರವರಿ ಅಂತ್ಯದವರೆಗೆ 10 ದಿನ, ಅಲ್ಲಿಂದ 1800ರ ಫೆಬ್ರವರಿಯವರೆಗೆ 11, ಮುಂದೆ 1900ರ ಫೆಬ್ರವರಿಯವರೆಗೆ 12, ಆನಂತರ 13 ದಿನ ಕೂಡಿಸಬೇಕು. ಸೈಬೀರಿಯಾದ ತುಂಗುಸ್ಕಾ ಪ್ರದೇಶದ ಆಕಾಶದಲ್ಲಿ ಸಂಭವಿಸಿ ಎರಡು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ನೆಲಕ್ಕುರುಳಿಸಿದ ಸ್ಫೋಟ ಸ್ಥಳೀಯ ದಾಖಲೆಗಳಲ್ಲಿ 1908ರ ಜೂನ್ 17ಕ್ಕೆ ಸೇರುತ್ತದೆ, ಇಂದಿನ ಲೆಕ್ಕದಲ್ಲಿ ಜೂನ್ 30ಕ್ಕೆ. ಎರಡೂ ತಾರೀಖು ಸರಿಯೇ. ಒಂದೇ ವರ್ಷ ಎರಡು ಬಾರಿ ಅದನ್ನು ನೆನೆಯುವುದು ಮಾತ್ರ ತಪ್ಪು. ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದನೆಂಬ ಜನಪ್ರಿಯ ಮಾತು ಎರಡು ಕ್ಯಾಲೆಂಡರುಗಳನ್ನು ಬೆರೆಸಿದ್ದರಿಂದ ಹುಟ್ಟಿದ್ದು. ಗೆಲಿಲಿಯೋ ಸತ್ತದ್ದು ಗ್ರೆಗೋರಿಯನ್ ಲೆಕ್ಕದ 1642ರ ಜನವರಿ 8ರಂದು. ನ್ಯೂಟನ್ ಹುಟ್ಟಿದ್ದು ಜೂಲಿಯನ್ ಲೆಕ್ಕದ 1642ರ ಡಿಸೆಂಬರ್ 25ರಂದು, ಅಂದರೆ ಗ್ರೆಗೋರಿಯನ್ ಪ್ರಕಾರ 1643ರ ಜನವರಿ 4ರಂದು. ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ 1616ರ ಏಪ್ರಿಲ್ 23ರಂದು ಒಂದೇ ದಿನ ತೀರಿಕೊಂಡರೆಂಬುದೂ ಇದೇ ಜಾತಿಯದು: ಇಂಗ್ಲೆಂಡಿನ ಆ 23, ಸ್ಪೇನಿನಲ್ಲಿ ಮೇ 3 ಆಗಿತ್ತು. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಅಧಿಕೃತ ವರ್ಷಾರಂಭ ಮಾರ್ಚ್ 25 ಆಗಿದ್ದುದರಿಂದ, ಹಳೆಯ ದಾಖಲೆಗಳ ಜನವರಿ, ಫೆಬ್ರವರಿಗಳ ಇಸವಿಯನ್ನೂ ಪರೀಕ್ಷಿಸಬೇಕು. ದೊರೆ ಒಂದನೆಯ ಚಾರ್ಲ್ಸ್‌ನ ಶಿರಚ್ಛೇದ ನಾವು 1649 ಎನ್ನುವ ವರ್ಷದ ಜನವರಿ 30ರಂದು ನಡೆಯಿತು, ಅಂದಿನವರಿಗೆ ಅದು 1648. ವಿಚಿತ್ರವಾದುದನ್ನೇ ಹುಡುಕುವವರಿಗೆ ಕ್ಯಾಲೆಂಡರಿನೊಳಗೇ ಸರಕಿದೆ: ಅರ್ಧಕ್ಕೆ ಕೈಬಿಟ್ಟ ಸುಧಾರಣೆಯೊಂದನ್ನು ಸರಿಪಡಿಸುವ ಸಲುವಾಗಿ ಸ್ವೀಡನ್ 1712ರಲ್ಲಿ ಫೆಬ್ರವರಿಗೆ 30ನೆಯ ದಿನವನ್ನೂ ಕೊಟ್ಟಿತ್ತು.

ಕ್ಯಾಲೆಂಡರ್ ಒಂದೇ ಆದಮೇಲೂ ಗಡಿಯಾರದ ತೊಡಕು ಉಳಿಯುತ್ತದೆ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅಮೆರಿಕದ ಪೂರ್ವ ತೀರದಲ್ಲಿ 1969ರ ಜುಲೈ 20ರ ರಾತ್ರಿ 10.56 ಆಗಿತ್ತು, ಜಾಗತಿಕ ಸಮಯದಲ್ಲಿ ಅದಾಗಲೇ ಜುಲೈ 21. ಘಟನೆ ನಡೆದ ಸ್ಥಳದ ತಾರೀಖನ್ನೇ ಹಿಡಿಯುವುದು ಸಾಮಾನ್ಯ ನಿಯಮ, ಚಂದ್ರನಂಥ ಕಡೆ ಯಾವ ಸಮಯವನ್ನು ಅನುಸರಿಸಿದ್ದೇವೆಂದು ಹೇಳಿಬಿಡುವುದು ಉಚಿತ. ಸಮೋವಾ ದೇಶ ದಿನಾಂಕ ರೇಖೆಯ ಇನ್ನೊಂದು ಬದಿಗೆ ಸರಿದಾಗ 2011ರ ಡಿಸೆಂಬರ್ 30 ಅಲ್ಲಿ ಬರಲೇ ಇಲ್ಲ ಎಂಬುದು ಆ ದಿನದ ಟಿಪ್ಪಣಿಗೆ ತಕ್ಕ ಸಂಗತಿ. ನಡೆದ ದಿನ ಮತ್ತು ತಿಳಿದುಬಂದ ದಿನಗಳನ್ನೂ ಬೇರ್ಪಡಿಸಬೇಕು. ಮೊನಾಲಿಸಾ ಚಿತ್ರ ಕಳುವಾದದ್ದು 1911ರ ಆಗಸ್ಟ್ 21ರ ಸೋಮವಾರ, ಲೂವ್ರ್ ಸಂಗ್ರಹಾಲಯಕ್ಕೆ ರಜೆಯಿದ್ದ ದಿನ. ಅದು ಕಾಣೆಯಾಗಿದೆಯೆಂದು ಗೊತ್ತಾದದ್ದು ಮರುದಿನ.

ಕಾಕತಾಳೀಯಗಳ ವಿಷಯದಲ್ಲಿ ಉತ್ಸಾಹವನ್ನು ಸ್ವಲ್ಪ ಹಿಡಿದಿಡಬೇಕು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದು ಮಾಜಿ ಅಧ್ಯಕ್ಷರಾದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ ತೀರಿಕೊಂಡರು. ಐದು ವರ್ಷದ ನಂತರ ಅದೇ ತಾರೀಖಿಗೆ ಜೇಮ್ಸ್ ಮನ್ರೋ. ಇದು ದೃಢಪಟ್ಟ ಸಂಗತಿ, ಧಾರಾಳವಾಗಿ ಬಳಸಬಹುದು. ಮಾರ್ಕ್ ಟ್ವೇನ್ ಮತ್ತು ಹ್ಯಾಲಿ ಧೂಮಕೇತುವಿನ ನಂಟನ್ನು ಮಾತ್ರ ಅಳೆದು ಹೇಳಬೇಕು. ಟ್ವೇನ್ ಹುಟ್ಟಿದ್ದು 1835ರ ನವೆಂಬರ್ 30ರಂದು, ಧೂಮಕೇತು ಸೂರ್ಯನಿಗೆ ಅತಿ ಸಮೀಪ ಬಂದದ್ದು ಅದಕ್ಕೆ ಎರಡು ವಾರ ಮೊದಲು. ಅವರು ಸತ್ತ 1910ರ ಏಪ್ರಿಲ್ 21, ಧೂಮಕೇತುವಿನ ಮುಂದಿನ ಸಮೀಪಾಗಮನದ ಮರುದಿನ. ಎರಡೂ ‘ಅದೇ ದಿನ’ ಅಲ್ಲ. ಕೇವಲ 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚೆಂಬುದನ್ನು ನೆನೆದರೆ, ತಾರೀಖುಗಳ ಹೊಂದಿಕೆ ನಾವು ಎಣಿಸಿದಷ್ಟು ಅಪರೂಪವಲ್ಲವೆಂದು ತಿಳಿಯುತ್ತದೆ.

ಹುಸಿ ಸುದ್ದಿಗಳನ್ನು ಕೈಬಿಡಬೇಕಾಗಿಲ್ಲ. ಸುದ್ದಿ ಹುಸಿಯಾದರೂ ಅದು ಪ್ರಕಟವಾದದ್ದು ನಿಜವಾದ ಘಟನೆ. ಚಂದ್ರನ ಮೇಲೆ ರೆಕ್ಕೆಯುಳ್ಳ ಮನುಷ್ಯರಿದ್ದಾರೆಂದು ಹೇಳಿದ ಲೇಖನಮಾಲೆಯನ್ನು ‘ನ್ಯೂಯಾರ್ಕ್ ಸನ್’ 1835ರ ಆಗಸ್ಟ್ 25ರಂದು ಆರಂಭಿಸಿತು. 1957ರ ಏಪ್ರಿಲ್ 1ರಂದು ಬಿಬಿಸಿ ಮರದಲ್ಲಿ ಸ್ಪಗೆಟ್ಟಿ ಕೊಯ್ಲು ಮಾಡುವ ದೃಶ್ಯ ತೋರಿಸಿತು. ಆದರೆ ಪರಿಣಾಮವನ್ನು ಉಬ್ಬಿಸುವ ಹಾಗಿಲ್ಲ. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಪ್ರಸಾರ ಮಾಡಿದ ಮಂಗಳವಾಸಿಗಳ ದಾಳಿಯ ರೇಡಿಯೋ ನಾಟಕ ಕೆಲವರನ್ನು ಹೆದರಿಸಿತು ನಿಜ. ದೇಶವೇ ಬೀದಿಗಿಳಿಯಿತೆಂಬ ಚಿತ್ರವನ್ನು ಮುಖ್ಯವಾಗಿ ಮರುದಿನದ ಪತ್ರಿಕೆಗಳು ಕಟ್ಟಿದವೆಂದು ಸಂಶೋಧಕರು ತೋರಿಸಿದ್ದಾರೆ.

ಬರೆಯುವಾಗ ಮೊದಲ ವಾಕ್ಯದಲ್ಲೇ ವರ್ಷ ಮತ್ತು ಸ್ಥಳ ಬರಲಿ. ಅರವತ್ತರಿಂದ ಎಂಬತ್ತು ಪದಗಳು ಸಾಕು. ‘ಎನ್ನಲಾಗಿದೆ’ ಎಂಬುದರ ಮರೆಯಲ್ಲಿ ನಿಲ್ಲದೆ, ಹೇಳಿದವರು ಯಾರೆಂದು ತಿಳಿಸಬೇಕು. ಸಂಖ್ಯೆಗಳಲ್ಲಿ ಭಿನ್ನಾಭಿಪ್ರಾಯವಿದ್ದರೆ ಎರಡು ತುದಿಗಳನ್ನೂ ಕೊಡಬೇಕು. ಸಾವುಗಳಿದ್ದ ಕಡೆ ವಿನೋದದ ಧಾಟಿ ಸಲ್ಲದು. ಮಾದರಿಗೆ ಹೀಗೆ ಬರೆಯಬಹುದು: ‘1896ರ ಆಗಸ್ಟ್ 27ರಂದು ಜಾಂಜಿಬಾರಿನಲ್ಲಿ, ಬ್ರಿಟನ್ನಿನ ಒಪ್ಪಿಗೆಯಿಲ್ಲದೆ ಸಿಂಹಾಸನವೇರಿದ್ದ ಖಾಲಿದ್ ಬಿನ್ ಬರ್ಘಾಶ್‌ನಿಗೆ ನೀಡಿದ್ದ ಗಡುವು ಬೆಳಿಗ್ಗೆ 9 ಗಂಟೆಗೆ ಮುಗಿಯಿತು. ಬ್ರಿಟಿಷ್ ಯುದ್ಧನೌಕೆಗಳು ಅರಮನೆಯ ಮೇಲೆ ಗುಂಡಿನ ದಾಳಿ ನಡೆಸಿದವು. 38ರಿಂದ 45 ನಿಮಿಷಗಳಲ್ಲಿ ಮುಗಿದ ಈ ಕಾಳಗವನ್ನು ಇತಿಹಾಸದ ಅತಿ ಚಿಕ್ಕ ಯುದ್ಧವೆಂದು ಪರಿಗಣಿಸುತ್ತಾರೆ. ಅರಮನೆಯ ಕಡೆ ಸುಮಾರು 500 ಜನ ಸತ್ತರು ಅಥವಾ ಗಾಯಗೊಂಡರು; ಬ್ರಿಟಿಷರ ಕಡೆ ಒಬ್ಬ ನಾವಿಕ ಗಾಯಗೊಂಡ.’ ನಿಮಿಷಗಳ ಲೆಕ್ಕ ಓದುಗರನ್ನು ಸೆಳೆಯುತ್ತದೆ, ಕೊನೆಯ ವಾಕ್ಯವಿಲ್ಲದೆ ಆ ಲೆಕ್ಕ ಬರಿಯ ಮೋಜಾಗುತ್ತದೆ.

ತಿಂಗಳು ಮಾತ್ರ ಗೊತ್ತಿರುವ ಘಟನೆಗೆ ದಿನವನ್ನು ಅಂಟಿಸಬಾರದು. 1518ರಲ್ಲಿ ಸ್ಟ್ರಾಸ್‌ಬರ್ಗಿನ ಜನ ತಡೆಯಲಾಗದೆ ಕುಣಿದ ‘ನೃತ್ಯ ಪಿಡುಗು’ ಜುಲೈ ತಿಂಗಳಲ್ಲಿ ಶುರುವಾಯಿತೆಂದು ಬರೆದು, ತಿಂಗಳ ಟಿಪ್ಪಣಿಯಲ್ಲಿ ಇಡುವುದು ಪ್ರಾಮಾಣಿಕ ಕ್ರಮ. ಕೆಲವು ತಾರೀಖುಗಳಿಗೆ ಎಷ್ಟು ಹುಡುಕಿದರೂ ಏನೂ ಸಿಗದಿರಬಹುದು. 1930ರ ಏಪ್ರಿಲ್ 18ರ ಸಂಜೆ ಬಿಬಿಸಿ ವಾರ್ತಾವಾಚಕರು ಇಂದು ಯಾವ ಸುದ್ದಿಯೂ ಇಲ್ಲವೆಂದು ಹೇಳಿ ಮುಗಿಸಿದರು, ಉಳಿದ ಹೊತ್ತಿಗೆ ಪಿಯಾನೊ ಸಂಗೀತ ಹಾಕಲಾಯಿತು. ಏಪ್ರಿಲ್ 18ರ ಟಿಪ್ಪಣಿಗೆ ಅಷ್ಟೇ ಸಾಕು. ಬೇರೆ ಬರಡು ದಿನಗಳಿಗೆ ಅನುಮಾನಾಸ್ಪದ ಘಟನೆಯೊಂದನ್ನು ತುರುಕುವುದಕ್ಕಿಂತ, ಆ ದಿನಕ್ಕೆ ಅಂಟಿಕೊಂಡ ಸುಳ್ಳು ಕಥೆಯೊಂದನ್ನು ಎತ್ತಿಕೊಂಡು ಅದು ಹೇಗೆ ಹುಟ್ಟಿತೆಂದು ಬರೆಯುವುದು ಲೇಸು. ಡಿಸೆಂಬರ್ 20 ಬಂದಾಗ ಮೆಂಕೆನ್ ಅವರ ಬಾತ್‌ಟಬ್ ಸಿದ್ಧವಾಗಿಯೇ ಇರುತ್ತದೆ.